ಟೀಮ್ 'ಈಸ್' ಅನ್ನಬೇಕಾ, 'ಆರ್' ಅನ್ನಬೇಕಾ?

ಕಳೆದ ವಾರ ಅಣ್ಣನ ಮಗಳು ಶಾಲೆಯಿಂದ ಬಂದವಳೇ, ಬ್ಯಾಗ್ ಕೂಡ ಇಳಿಸದೆ, ಇಂಗ್ಲಿಷ್ ಪೇಪರ್ ತೆಗೆದು ನನ್ನ ಮುಂದೆ ಹಿಡಿದಳು. ಒಂಬತ್ತನೇ ಕ್ಲಾಸು. 'ದ ಟೀಮ್ ಆರ್ ವೇರಿಂಗ್ ದೇರ್ ನ್ಯೂ ಜರ್ಸೀಸ್' ಅಂತ ಬರೆದಿದ್ದಳು. 'ಆರ್' ಮೇಲೆ ಕೆಂಪು ಗೆರೆ, ಪಕ್ಕದಲ್ಲಿ 'ಈಸ್', ಒಂದು ಮಾರ್ಕ್ ಹೋಗಿದೆ.

"ಕಾಕಾ, ಕ್ರಿಕೆಟ್ ಕಾಮೆಂಟ್ರಿಯೊಳಗ 'ಇಂಡಿಯಾ ಆರ್ ಬ್ಯಾಟಿಂಗ್' ಅಂತಾರಲ್ಲ, ಅದೂ ತಪ್ಪೇನು?"

ತಪ್ಪಲ್ಲ. ಬ್ರಿಟಿಷರ ಇಂಗ್ಲಿಷಿನಲ್ಲಿ ಟೀಮ್, ಕಮಿಟಿ, ಫ್ಯಾಮಿಲಿ ಇವಕ್ಕೆ ಎರಡೂ ನಡೆಯುತ್ತದೆ. ಇಡೀ ಗುಂಪು ಒಂದು ಅಂತ ನೋಡಿದರೆ 'ಈಸ್', ಒಳಗಿನ ಒಬ್ಬೊಬ್ಬರನ್ನೂ ನೋಡಿದರೆ 'ಆರ್'. ಅಮೆರಿಕದವರು ಹೆಚ್ಚಾಗಿ 'ಈಸ್' ಅಂತಾರೆ. ಇವಳ ವಾಕ್ಯದಲ್ಲಿ ಒಬ್ಬೊಬ್ಬ ಆಟಗಾರನೂ ತನ್ನ ತನ್ನ ಜರ್ಸಿ ಹಾಕಿಕೊಳ್ಳುತ್ತಿದ್ದಾನೆ, ಹಾಗಾಗಿ 'ಆರ್' ಚೆನ್ನಾಗಿಯೇ ಕೂಡುತ್ತದೆ. ನನಗೆ ಬೇಜಾರಾಗಿದ್ದು ಇನ್ನೊಂದಕ್ಕೆ. 'ಆರ್' ಹೊಡೆದು 'ಈಸ್' ಮಾಡಿದವರು ಮುಂದಿನ 'ದೇರ್' ಹಾಗೇ ಬಿಟ್ಟಿದ್ದಾರೆ. ಒಂದೇ ವಾಕ್ಯದಲ್ಲಿ ಟೀಮ್ ಮೊದಲು ಒಂದು, ಆಮೇಲೆ ಹಲವರು! ಸರಿಯಿದ್ದ ವಾಕ್ಯ ತಿದ್ದುವಾಗಲೇ ಕೆಟ್ಟಿತು.

ಇದನ್ನ ಹೇಳಿಕೊಡೋಕೆ ಗ್ರಾಮರ್ ಪುಸ್ತಕವೇ ಬೇಕಿಲ್ಲ, ನಮ್ಮ ವಿಜಯಪುರದ ಮಾತೇ ಸಾಕು. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಮುಗಿಸಿ ಬಂದವರು "ಮಂದಿ ಬಾಳ ಕೂಡಿತ್ತು" ಅಂತಾರೆ. ಅದೇ ಬಾಯಲ್ಲಿ "ಮಂದಿ ಮನಿಗೆ ಹೊಂಟಾರ" ಅಂತಲೂ ಅಂತಾರೆ. ಮೊದಲನೆಯದರಲ್ಲಿ ಮಂದಿ ಅಂದ್ರೆ ಬರೀ ಜಂಗುಳಿ, ಎರಡನೆಯದರಲ್ಲಿ ಕೈಯಲ್ಲಿ ಬೆಂಡು ಬತ್ತಾಸು ಹಿಡಿದು ಮನೆ ದಾರಿ ಹಿಡಿದ ಮನುಷ್ಯರು. ಯಾರೂ ಕಲಿಸದೇ ನಮಗಿದು ಬಂದಿದೆ, ಅಲ್ವಾ? ಇಷ್ಟು ಹೇಳಿದ ಕೂಡಲೇ ಹುಡುಗಿಗೆ ಹೊಳೆಯಿತು.

ಕೆಲವು ಮಾತ್ರ ಸುಮ್ನೆ ಬಾಯಿಪಾಠ ಮಾಡಬೇಕು. ಪೊಲೀಸ್, ಕ್ಯಾಟಲ್ ಇವಕ್ಕೆ ಯಾವಾಗಲೂ 'ಆರ್'. ನ್ಯೂಸ್ ಕೊನೆಗೆ 'ಸ್' ಇದ್ದರೂ 'ಈಸ್'. ಮಕ್ಕಳು ಜಾಸ್ತಿ ಎಡವೋದು 'ನಂಬರ್' ಹತ್ತಿರ. 'ಎ ನಂಬರ್ ಆಫ್ ಸ್ಟೂಡೆಂಟ್ಸ್' ಅಂದ್ರೆ ಹಲವು ಮಕ್ಕಳು, ಅದಕ್ಕೆ 'ಆರ್'. 'ದ ನಂಬರ್ ಆಫ್ ಸ್ಟೂಡೆಂಟ್ಸ್' ಅಂದ್ರೆ ಮಕ್ಕಳ ಸಂಖ್ಯೆ, ಸಂಖ್ಯೆ ಒಂದೇ, ಅದಕ್ಕೆ 'ಈಸ್'. 'ನಂಬರ್'ಗಿಂತ ಮೊದಲು ಬರುವ ಸಣ್ಣ ಪದ ಬದಲಾದರೆ ಇಡೀ ಅರ್ಥವೇ ಬದಲು.

ಒಂದು ದೇಶದ ಹೆಸರೇ ಹೀಗೆ 'ಹಲವು' ಇದ್ದದ್ದು 'ಒಂದು' ಆದದ್ದಿದೆ. 1787ರಲ್ಲಿ ಬರೆದ ಅಮೆರಿಕದ ಸಂವಿಧಾನದಲ್ಲಿ ಯುನೈಟೆಡ್ ಸ್ಟೇಟ್ಸ್‌ಗೆ 'ದೆಮ್' ಅಂತಿದೆ, 1865ರ ತಿದ್ದುಪಡಿಯಲ್ಲೂ 'ದೇರ್' ಇದೆ. ಅಂದರೆ ಹಲವು ರಾಜ್ಯಗಳು ಅಂತ. ಈಗ ಎಲ್ಲರೂ 'ಈಸ್' ಅಂತಾರೆ.

ಪರೀಕ್ಷೆಯಲ್ಲಿ ಟೀಚರ್ 'ಈಸ್' ಕೇಳಿದರೆ 'ಈಸ್' ಬರಿ, ಆದರೆ 'ಇಟ್ಸ್' ಕೂಡ ಜೊತೆಗಿರಲಿ, ಅರ್ಧ ಅದು ಅರ್ಧ ಇದು ಬೇಡ ಅಂದೆ. ನಾಳೆ ಟೀಚರ್ ಹತ್ತಿರ ಹೋಗಿ ಮೆತ್ತಗೆ ಕೇಳು ಅಂತಲೂ ಹೇಳಿದ್ದೇನೆ. "ಮಾರ್ಕ್ ಕೊಡ್ತಾರೇನು ಕಾಕಾ?" ಅಂದಳು. ಕೊಡಲಿ ಬಿಡಲಿ, ಆ 'ದೇರ್' ಮೇಲೆ ಬೆರಳಿಟ್ಟು ತೋರಿಸು ಅಂದೆ. ಪೆನ್ಸಿಲ್‌ನಿಂದ ಆ ಪದಕ್ಕೆ ಸಣ್ಣ ಸುತ್ತು ಹಾಕಿ ಪೇಪರ್ ಬ್ಯಾಗಿಗೆ ಸೇರಿಸಿದಳು.