ಕಾಕಾನ ರಿಪೋರ್ಟು, ನನ್ನ ಭಾಗಾಕಾರ

ಕಲಬುರಗಿ, 13 ಜುಲೈ 2025, ರವಿವಾರ

ಕಾಕಾನ ಕಾಗದಗಳೆಲ್ಲ ಸೀರೆ ಅಂಗಡಿಯ ಒಂದು ಕೈಚೀಲದಲ್ಲಿವೆ. ಸ್ಕ್ಯಾನು, ಬಯಾಪ್ಸಿ ಕವರಿನೊಳಗೆ ಭದ್ರ. ರಕ್ತದ ರಿಪೋರ್ಟುಗಳು ಮಾತ್ರ ಮುದ್ದೆಯಾಗಿ ತಳದಲ್ಲಿ. ಒಂದರ ಮೇಲೆ ಶೇಂಗಾ ಹಿಂಡಿಯ ಎಣ್ಣೆ ಕಲೆ. ಹಿಮೋಗ್ಲೋಬಿನ್ ಎಷ್ಟಿದೆ ಅಂತ ನೋಡಿ ಮಡಚಿಡುವುದು ನಮ್ಮ ಮನೆಯ ರೂಢಿ.

ಮೂವತ್ತು ವರ್ಷ ತಂಬಾಕು ತಿಕ್ಕಿದ ಬಾಯಿ, ಅಲ್ಲೇ ಕ್ಯಾನ್ಸರು. ಆಪರೇಷನ್ ಆದ ಮೇಲೂ ಗಡ್ಡೆ ಮತ್ತೆ ಬಂದಿದೆ. ಡಾಕ್ಟರು ಈಗ ನಿವೊಲುಮಾಬ್ ಹೇಳಿದ್ದಾರೆ, ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಎಬ್ಬಿಸುವ ಔಷಧ. ಪೂರ್ತಿ ಡೋಸು ನಮಗೆಲ್ಲಿ ಎಟುಕಬೇಕು? ಮುಂಬೈನ ಟಾಟಾ ಮೆಮೋರಿಯಲ್‌ನವರು ಇಂಥ ರೋಗಿಗಳಿಗೆ ಗುಳಿಗೆಗಳ ಜೊತೆ ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ಕೊಟ್ಟು ನೋಡಿದ್ದರು. 2022ರಲ್ಲಿ ಅದರ ಲೆಕ್ಕ ಬಂತು. ಒಂದು ವರ್ಷ ಬದುಕಿದವರು ಗುಳಿಗೆಯಷ್ಟೇ ತಿಂದವರಲ್ಲಿ ಶೇ. 16.3, ಈ ಔಷಧವೂ ಸಿಕ್ಕವರಲ್ಲಿ ಶೇ. 43.4.

"ಅದೆಲ್ಲಾ ಇರ್ಲಿ, ನನಗ ಹತ್ತತದೇನು?" ಅಂದ ಕಾಕಾ.

ಅದನ್ನೇ ಹುಡುಕುತ್ತಾ ಕೂತೆ. ನ್ಯೂಯಾರ್ಕಿನ ಎರಡು ದೊಡ್ಡ ಆಸ್ಪತ್ರೆಗಳವರು ಸ್ಕಾರ್ಪಿಯೋ ಅನ್ನುವ ಕಂಪ್ಯೂಟರ್ ಮಾದರಿ ಮಾಡಿದ್ದಾರೆ. (ಜೀಪಲ್ಲ ಮತ್ತೆ!) ಈ ಜನವರಿಯಲ್ಲಿ ನೇಚರ್ ಮೆಡಿಸಿನ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ಹತ್ತಿರ ಹತ್ತಿರ 10,000 ರೋಗಿಗಳು, 21 ಬಗೆಯ ಕ್ಯಾನ್ಸರು. ಅದು ನೋಡುವುದು ಮಾಮೂಲಿ ಸಿಬಿಸಿ (ರಕ್ತಕಣಗಳ ಎಣಿಕೆ), ಲಿವರ್-ಕಿಡ್ನಿ ಟೆಸ್ಟು, ವಯಸ್ಸು, ಇಂಥವನ್ನೇ. ಇಂಥ ಔಷಧ ಯಾರಿಗೆ ಹತ್ತುತ್ತದೆ ಅಂತ ಹೇಳುವುದರಲ್ಲಿ ಗಡ್ಡೆಯ ದುಬಾರಿ ಜೀನ್ ಪರೀಕ್ಷೆಗಿಂತ ಇದೇ ಮೇಲಾಯಿತಂತೆ. ನಾವು ಎಣ್ಣೆ ಕಲೆ ಮಾಡಿಟ್ಟ ಕಾಗದದಿಂದ!

ಬಿಳಿ ರಕ್ತಕಣಗಳಲ್ಲಿ ನ್ಯೂಟ್ರೋಫಿಲ್ ಅನ್ನುವವು ಜಾಸ್ತಿ, ಲಿಂಫೋಸೈಟ್ ಅನ್ನುವವು ಕಮ್ಮಿ ಇದ್ದರೆ ಒಳ್ಳೆಯದಲ್ಲ ಅಂತಲೂ ಓದಿದೆ. ಈ ಔಷಧ ಲಿಂಫೋಸೈಟ್‌ಗಳ ಬ್ರೇಕ್ ಬಿಡಿಸುತ್ತದೆ. ಬ್ರೇಕ್ ಬಿಟ್ಟರಾಯಿತೇ, ಬಂಡಿ ಎಳೆಯಲು ಎತ್ತು ಬೇಕಲ್ವಾ?

ಗಣಿತದ ಮೇಷ್ಟ್ರು ಸುಮ್ನೆ ಇರುತ್ತಾನೆಯೇ? ಹಳೆಯ ರಿಪೋರ್ಟು: ನ್ಯೂಟ್ರೋಫಿಲ್ 62 ಭಾಗಿಸು ಲಿಂಫೋಸೈಟ್ 31, ಎರಡು. ಈ ಬುಧವಾರದ್ದು: 78 ಭಾಗಿಸು 13, ಆರು. ಆ ರಾತ್ರಿ ನಿದ್ದೆ ಬರಲಿಲ್ಲ.

ನಿನ್ನೆ ಡಾಕ್ಟರ ಮುಂದೆ ಚೀಟಿ ಇಟ್ಟೆ. ಅವರು ಚೀಟಿ ಬಿಟ್ಟು ಕಾಕಾನ ಮುಖ ನೋಡಿದರು. "ರಕ್ತ ಕೊಡೋಕಿಂತ ಮುಂಚೆ ಏನಾದ್ರೂ ಇಂಜೆಕ್ಷನ್ ಮಾಡಿಸಿದ್ರೇನ್ರಿ?"

ಮಾಡಿಸಿದ್ದ! ಗಲ್ಲ ಬಾತಿತ್ತು ಅಂತ ಮಂಗಳವಾರ ಊರಲ್ಲಿ ಡೆಕ್ಸಾ ಅನ್ನುವ ಸ್ಟೀರಾಯ್ಡ್ ಸೂಜಿ ಹಾಕಿಸಿಕೊಂಡು, ನಮಗ್ಯಾರಿಗೂ ಹೇಳಿರಲಿಲ್ಲ. ಸ್ಟೀರಾಯ್ಡ್ ಬಿದ್ದರೆ ನ್ಯೂಟ್ರೋಫಿಲ್ ಏರುತ್ತದೆ, ಲಿಂಫೋಸೈಟ್ ಇಳಿಯುತ್ತದೆ. ನನ್ನ ಆರು ಕ್ಯಾನ್ಸರಿನದೋ ಸೂಜಿಯದೋ ಯಾರು ಹೇಳಬೇಕು? ಜ್ವರ, ಹಲ್ಲಿನ ಕೀವು ಬಂದರೂ ಹೀಗೇ ಆಗುತ್ತದಂತೆ. ಅಲ್ಲದೆ ಈ ಲೆಕ್ಕ ನೋಡಿ ಔಷಧ ತಪ್ಪಿಸುವುದಿಲ್ಲ ಅಂದರು. ನನಗೆ ನಾಚಿಕೆಯೂ ಆಯಿತು, ಜೀವವೂ ಬಂತು.

ಮುಂದಿನ ವಾರ ಮತ್ತೆ ರಕ್ತ ಕೊಡಬೇಕು. ಬಸ್‌ ಸ್ಟ್ಯಾಂಡಿನಲ್ಲಿ ಚಹಾ ಆರಿಸುತ್ತಾ ಕಾಕಾ ಅಂದ, "ಬರ್ತೀನಿ. ಆದ್ರ ಮಳಿ ಬಿದ್ದು ತೊಗರಿ ಬಿತ್ತೂದಿದ್ರ ಬರಂಗಿಲ್ಲ ನೋಡಪಾ."