ಧೈವತ ಬದಲಾಗುವ ಜಾಗ: ಮೈನರ್ ಕಾರ್ಡ್ ಸರಣಿಗಳ ಮೇಲೆ ಜಾಝ್ ಗಿಟಾರ್ ಅಭ್ಯಾಸ

ಮೈನರ್ ಕಾರ್ಡ್ ಸರಣಿಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳೇ ಕಾರ್ಡ್‌ಗಳು) ಮೇಲೆ ಮನೋಧರ್ಮದಿಂದ ಸೋಲೊ ನುಡಿಸುವುದನ್ನು ಈ ವರ್ಷದ ಮುಖ್ಯ ಅಭ್ಯಾಸವಾಗಿ ಕೈಗೆತ್ತಿಕೊಂಡಿದ್ದೇನೆ. ಮೇಜರ್‌ನಲ್ಲಿ ಸ್ಕೇಲಿನ ಎರಡನೆಯ, ಐದನೆಯ, ಮೊದಲ ಸ್ವರಗಳ ಮೇಲೆ ಕಟ್ಟಿದ ‘ಎರಡು, ಐದು, ಒಂದು’ ಎಂಬ ಕ್ರಮದ ಮೂರೂ ಕಾರ್ಡ್‌ಗಳು ಒಂದೇ ಸ್ಕೇಲಿನ ಏಳು ಸ್ವರಗಳಿಂದ ಹುಟ್ಟುವುದರಿಂದ, ಆ ಸ್ಕೇಲಿನೊಳಗೆ ಉಳಿದವನಿಗೆ ಅಪಸ್ವರದ ಭಯವಿಲ್ಲ. ಮೈನರ್‌ನಲ್ಲಿ ಆ ಆಸರೆ ಸಿಗುವುದಿಲ್ಲ. ಸಿ ಮೈನರ್ ಅನ್ನೇ ತೆಗೆದುಕೊಂಡರೆ, ಎರಡನೆಯದಾದ ಡಿ ಹಾಫ್ ಡಿಮಿನಿಶ್ಡ್ ಕಾರ್ಡಿನಲ್ಲಿ ಡಿ, ಎಫ್, ಎ ಫ್ಲಾಟ್, ಸಿ ಇವೆ. ಐದನೆಯದಾದ ಜಿ ಸೆವೆನ್ ಫ್ಲಾಟ್ ನೈನ್‌ನಲ್ಲಿ ಜಿ, ಬಿ, ಡಿ, ಎಫ್, ಎ ಫ್ಲಾಟ್ ಇವೆ. ಆದರೆ ಮನೆಗೆ, ಅಂದರೆ ಒಂದನೆಯ ಕಾರ್ಡಿಗೆ, ಮರಳಿದಾಗ ಜಾಝ್ ವಾದಕರು ಹೆಚ್ಚಾಗಿ ಹಿಡಿಯುವ ಸಿ ಮೈನರ್ ಸಿಕ್ಸ್‌ನಲ್ಲಿ ಸಿ, ಇ ಫ್ಲಾಟ್, ಜಿ ಇವುಗಳ ಜೊತೆಗೆ ಫ್ಲಾಟ್ ಆಗದ ಎ ಬರುತ್ತದೆ. ಅಂದರೆ ಮೂರು ಕಾರ್ಡ್‌ಗಳ ಒಳಗೇ ಸಿ ಇಂದ ಎಣಿಸಿದ ಆರನೆಯ ಸ್ವರ, ಅಂದರೆ ಧೈವತ, ಅರ್ಧ ಮೆಟ್ಟಿಲು ಮೇಲೇರಿಬಿಡುತ್ತದೆ. ಈ ಅಭ್ಯಾಸದಲ್ಲಿ ನಾನು ಕಂಡುಕೊಂಡ ಮುಖ್ಯ ಸಂಗತಿ ಇದೇ: ಯಾವ ಸ್ಕೇಲ್ ಎಂದು ಕೇಳಿಕೊಳ್ಳುವುದಕ್ಕಿಂತ, ಈ ಬಾರಿನಲ್ಲಿ (ತಾಳದ ಒಂದು ಆವರ್ತದಲ್ಲಿ) ಆರನೆಯ ಮತ್ತು ಏಳನೆಯ ಸ್ವರಗಳು ಯಾವುವು ಎಂದು ಕೇಳಿಕೊಳ್ಳುವುದೇ ಹೆಚ್ಚು ಫಲ ಕೊಡುತ್ತದೆ.

ಕರ್ನಾಟಕ ಸಂಗೀತದ ಮೂಲರಾಗಗಳನ್ನು ವಿಂಗಡಿಸುವ ಮೇಳಕರ್ತ ಪದ್ಧತಿಯನ್ನು ಬಲ್ಲವರಿಗೆ ಇದು ಬೇಗ ಮನದಟ್ಟಾಗುತ್ತದೆ. 20ನೆಯ ಮೇಳ ನಟಭೈರವಿಯಿಂದ 23ನೆಯ ಗೌರಿಮನೋಹರಿಯವರೆಗಿನ ನಾಲ್ಕು ಮೇಳಗಳಲ್ಲಿ ಷಡ್ಜದಿಂದ ಪಂಚಮದವರೆಗಿನ ಸ್ವರಗಳು ಒಂದೇ. ಬದಲಾಗುವುದು ಧೈವತ ಮತ್ತು ನಿಷಾದ ಮಾತ್ರ. ನಟಭೈರವಿಯ ಸ್ವರಗಳು ನ್ಯಾಚುರಲ್ ಮೈನರ್, ಕೀರವಾಣಿಯವು ಹಾರ್ಮೋನಿಕ್ ಮೈನರ್, ಖರಹರಪ್ರಿಯದವು ಡೋರಿಯನ್, ಗೌರಿಮನೋಹರಿಯವು ಮೆಲೋಡಿಕ್ ಮೈನರ್‌ನ ಆರೋಹಣ. ರಾಗದಲ್ಲಿ ಒಂದನ್ನು ಹಿಡಿದು ಅದರೊಳಗೇ ಆಳಕ್ಕೆ ಇಳಿಯುತ್ತೇವೆ. ಇಲ್ಲಿ ಐದನೆಯ ಕಾರ್ಡಿನ ಮೇಲೆ ಕೀರವಾಣಿಯ ಸ್ವರಗಳಲ್ಲಿದ್ದು, ಮರುಬಾರಿನಲ್ಲೇ ಗೌರಿಮನೋಹರಿಯವಕ್ಕೆ ದಾಟಬೇಕು. ಹೋಲಿಕೆ ಸ್ವರಸ್ಥಾನಗಳಿಗಷ್ಟೇ ಸೀಮಿತ, ಗಮಕಕ್ಕಾಗಲಿ ರಾಗಭಾವಕ್ಕಾಗಲಿ ಅಲ್ಲ. ಹಾಗಿದ್ದರೂ ಶುದ್ಧ ಧೈವತದಿಂದ (ಇಲ್ಲಿ ಎ ಫ್ಲಾಟ್) ಚತುಶ್ರುತಿ ಧೈವತಕ್ಕೆ (ಇಲ್ಲಿ ಎ) ಹೋಗುವ ಆ ಕ್ಷಣವನ್ನು ಕಿವಿಯಲ್ಲಿ ಗುರುತಿಸಲು ಈ ಹೆಸರುಗಳು ನನಗೆ ತುಂಬ ನೆರವಾಗಿವೆ.

ಮೊದಲ ಹಂತದಲ್ಲಿ ಒಂಟಿ ಸ್ವರಗಳನ್ನು ಬದಿಗಿಟ್ಟು ಕಾರ್ಡ್ ಹಿಡಿತಗಳನ್ನೇ ಅಭ್ಯಾಸ ಮಾಡಿದೆ. ಇದು ಸರಿಯಾದ ಆರಂಭ ಎಂದು ಈಗಲೂ ನಂಬಿದ್ದೇನೆ, ಏಕೆಂದರೆ ಗಿಟಾರಿನ ನಡುವಿನ ನಾಲ್ಕು ತಂತಿಗಳ ಮೇಲೆ ಈ ಸರಣಿಯ ಚಲನೆ ಕಣ್ಣಿಗೇ ಕಾಣುತ್ತದೆ. ಐದನೆಯ ತಂತಿಯಲ್ಲಿ ಐದನೆಯ ಫ್ರೆಟ್ (ಕತ್ತಿನ ಮೇಲಿನ ಅಡ್ಡಪಟ್ಟಿ), ನಾಲ್ಕನೆಯದರಲ್ಲಿ ಆರು, ಮೂರನೆಯದರಲ್ಲಿ ಐದು, ಎರಡನೆಯದರಲ್ಲಿ ಆರು ಒತ್ತಿದರೆ ಡಿ ಹಾಫ್ ಡಿಮಿನಿಶ್ಡ್ ಸಿಗುತ್ತದೆ. ಉಳಿದ ಬೆರಳುಗಳನ್ನು ಅಲುಗಿಸದೆ ಮೂರನೆಯ ತಂತಿಯ ಸ್ವರವನ್ನಷ್ಟೇ ಐದರಿಂದ ನಾಲ್ಕನೆಯ ಫ್ರೆಟ್‌ಗೆ ಇಳಿಸಿದರೆ ಸಿ ಹೋಗಿ ಬಿ ಬರುತ್ತದೆ, ಮತ್ತು ಅದು ಮೂಲಸ್ವರ ಬಿಟ್ಟ ಜಿ ಸೆವೆನ್ ಫ್ಲಾಟ್ ನೈನ್ ಆಗುತ್ತದೆ. ಅಲ್ಲಿಂದ ಆ ಬಿ ಸ್ವರವನ್ನು ಹಾಗೆಯೇ ಉಳಿಸಿಕೊಂಡು, ಐದನೆಯ ತಂತಿಯಲ್ಲಿ ಮೂರಕ್ಕೂ ನಾಲ್ಕನೆಯದರಲ್ಲಿ ಐದಕ್ಕೂ ಎರಡನೆಯದರಲ್ಲಿ ನಾಲ್ಕಕ್ಕೂ ಇಳಿದರೆ ಸಿ ಮೈನರ್ ಮೇಜರ್ ಸೆವೆನ್. ಇನ್ನು ಮೂರನೆಯ ತಂತಿಯನ್ನು ಮಾತ್ರ ನಾಲ್ಕು, ಮೂರು, ಎರಡು ಎಂದು ಇಳಿಸುತ್ತ ಹೋದರೆ ಸಿ ಮೈನರ್ ಸೆವೆನ್ ದಾಟಿ ಸಿ ಮೈನರ್ ಸಿಕ್ಸ್‌ಗೆ ಬಂದು ನಿಲ್ಲುತ್ತೇವೆ. ಒಂದೇ ತಂತಿಯ ಮೇಲೆ ಸಿ, ಬಿ, ಬಿ ಫ್ಲಾಟ್, ಎ ಎಂಬ ಇಳಿಜಾರು. ಅದರ ಸುತ್ತ ಉಳಿದ ಸ್ವರಗಳು ಅಷ್ಟಿಷ್ಟು ಕದಲುತ್ತವೆ. ಮೈನರ್ ಸರಣಿಯ ಆಕರ್ಷಣೆಯೆಲ್ಲ ಈ ನಡೆಯಲ್ಲೇ ಅಡಗಿದೆಯೆಂದು ನನಗೆ ಅನ್ನಿಸುತ್ತದೆ, ಮತ್ತು ಬೇರಾವ ಪಾಠವನ್ನು ಆರಂಭಿಸುವ ಮೊದಲೂ ಇದನ್ನು ನಿಧಾನವಾಗಿ ನುಡಿಸಿಕೊಳ್ಳುವ ರೂಢಿ ಇಟ್ಟುಕೊಂಡಿದ್ದೇನೆ.

ಎರಡನೆಯ ಹಂತದಲ್ಲಿ ಇದೇ ನಡೆಯನ್ನು ಒಂಟಿ ಸ್ವರಗಳ ಸಾಲಿಗೆ ತಂದೆ. ಮೆಟ್ರೊನೋಮ್ ಅನ್ನು ನಿಮಿಷಕ್ಕೆ 60ಕ್ಕಿಟ್ಟು, ಬೀಟಿಗೆ ಒಂದೇ ಸ್ವರ ನುಡಿಸುವ ಕಟ್ಟಳೆ ಹಾಕಿಕೊಂಡೆ. ಮೊದಲ ಬಾರಿನಲ್ಲಿ ಡಿ, ಎಫ್, ಎ ಫ್ಲಾಟ್, ಸಿ. ಎರಡನೆಯದರಲ್ಲಿ ಬಿ, ಎ ಫ್ಲಾಟ್, ಜಿ, ಎಫ್. ಮೂರನೆಯದರಲ್ಲಿ ಇ ಫ್ಲಾಟ್, ಸಿ, ಎ, ಜಿ. ಬಾರ್ ಬದಲಾಗುವ ಎರಡೂ ಕಡೆ, ಅಂದರೆ ಸಿ ಇಂದ ಬಿಗೆ ಅರ್ಧ ಮೆಟ್ಟಿಲು ಮತ್ತು ಎಫ್‌ನಿಂದ ಇ ಫ್ಲಾಟ್‌ಗೆ ಒಂದು ಮೆಟ್ಟಿಲು ಇಳಿಯುವಲ್ಲಿ, ಹೊಸ ಕಾರ್ಡಿನ ಮೂರನೆಯ ಸ್ವರ ಮೊದಲ ಬೀಟಿಗೆ ಸರಿಯಾಗಿ ಬೀಳುತ್ತದೆ. ಪಕ್ಕವಾದ್ಯವಿಲ್ಲದಿದ್ದರೂ ಈ ಹನ್ನೆರಡು ಸ್ವರಗಳಲ್ಲಿ ಮೂರು ಕಾರ್ಡ್‌ಗಳು ಸ್ಪಷ್ಟವಾಗಿ ಕೇಳಿಸುತ್ತವೆ. ಕೊನೆಯ ಬಾರಿನ ಎ ಸ್ವರವನ್ನು ತುಸು ಒತ್ತಿ ನುಡಿಸಿದಾಗ, ಅದುವರೆಗೆ ಕಿವಿಯಲ್ಲಿ ನಿಂತಿದ್ದ ಎ ಫ್ಲಾಟ್‌ನ ನೆನಪಿಗೆ ತಾಗಿ ಬೆಳಕು ತೆರೆದಂತಾಗುತ್ತದೆ. ಈ ಸಾಲು ಕೈಗೆ ಹತ್ತಿದ ಮೇಲೆ ಬೀಟಿಗೆ ಎರಡು ಸ್ವರಗಳಿಗೆ ಹೋದೆ, ಆದರೆ ಬಾರ್ ಬದಲಾಗುವಲ್ಲಿನ ಆ ಎರಡು ಇಳಿತಗಳನ್ನು ಬಿಡಲಿಲ್ಲ. ನಡುವಿನ ಸ್ವರಗಳು ಮಾತ್ರ ನನ್ನ ಇಚ್ಛೆಯವು.

ಆಮೇಲೆ ಮೂರು ಮೆಲೋಡಿಕ್ ಮೈನರ್‌ಗಳ ವಿಧಾನವನ್ನು, ಅಂದರೆ ಪ್ರತಿ ಕಾರ್ಡಿಗೂ ಬೇರೆ ಸ್ವರದಿಂದ ಹೊರಡುವ ಮೆಲೋಡಿಕ್ ಮೈನರ್ ಬಳಸುವುದನ್ನು, ಪರಿಶೀಲಿಸಿದೆ. ಡಿ ಹಾಫ್ ಡಿಮಿನಿಶ್ಡ್ ಮತ್ತು ಎಫ್ ಮೈನರ್ ಸಿಕ್ಸ್ ಎರಡರ ಸ್ವರಗಳೂ ಒಂದೇ ಆದ್ದರಿಂದ ಮೊದಲ ಕಾರ್ಡಿಗೆ ಎಫ್ ಮೆಲೋಡಿಕ್ ಮೈನರ್. ಆಲ್ಟರ್ಡ್ ಬಣ್ಣ (ಕಾರ್ಡಿನ ಐದನೆಯ, ಒಂಬತ್ತನೆಯ ಸ್ವರಗಳನ್ನು ಅರ್ಧ ಮೆಟ್ಟಿಲು ಏರಿಳಿಸಿದಾಗ ಬರುವ ಬಿಗುವು) ಬೇಕಾದಾಗ ಜಿ ಸೆವೆನ್‌ಗೆ ಅರ್ಧ ಮೆಟ್ಟಿಲು ಮೇಲಿನ ಎ ಫ್ಲಾಟ್ ಮೆಲೋಡಿಕ್ ಮೈನರ್. ಮನೆಗೆ ಸಿ ಮೆಲೋಡಿಕ್ ಮೈನರ್. ಗಿಟಾರಿನಲ್ಲಿ ಇದರ ಅನುಕೂಲ ದೊಡ್ಡದು: ಒಂದೇ ಬೆರಳಿನಾಕಾರವನ್ನು ಮೂರು ಫ್ರೆಟ್, ಬಳಿಕ ನಾಲ್ಕು ಫ್ರೆಟ್ ಮೇಲಕ್ಕೆ ಸರಿಸಿದರೆ ಸಾಕು. ಆದರೂ ಎಫ್ ಮೆಲೋಡಿಕ್ ಮೈನರ್ ತರುವ ಇ ಸ್ವರವನ್ನು ನಾನು ಒಪ್ಪಿಕೊಂಡಿಲ್ಲ. ಎರಡು ಬಾರ್‌ಗಳ ನಂತರ ಬರಬೇಕಾದ ಇ ಫ್ಲಾಟ್‌ನ ಮೈನರ್ ಗುಣವನ್ನು ಅದು ಮೊದಲೇ ಕಲಕುತ್ತದೆ. ಹಾಗಾಗಿ ಅಲ್ಲಿ ಇ ಫ್ಲಾಟ್ ಅನ್ನೇ ಇಟ್ಟುಕೊಳ್ಳುತ್ತೇನೆ. ಆಲ್ಟರ್ಡ್ ಬಣ್ಣವನ್ನು ಮಾತ್ರ ಸಂತೋಷದಿಂದ ಬಳಸುತ್ತಿದ್ದೇನೆ.

ಈಗ ಇದನ್ನೆಲ್ಲ ಪೂರ್ಣ ಕೃತಿಗಳ ಮೇಲೆ ಪ್ರಯೋಗಿಸುತ್ತಿದ್ದೇನೆ. ಟ್ರಂಪೆಟ್ ವಾದಕ ಕೆನ್ನಿ ಡೋರ್‌ಹ್ಯಾಮ್ ರಚಿಸಿದ, 1963ರಲ್ಲಿ ಸ್ಯಾಕ್ಸೊಫೋನ್ ವಾದಕ ಜೋ ಹೆಂಡರ್ಸನ್ ಅವರ ಆಲ್ಬಮ್ಮಿಗಾಗಿ ಧ್ವನಿಮುದ್ರಣಗೊಂಡ ‘ಬ್ಲೂ ಬೊಸ್ಸಾ’ ಇದಕ್ಕೆ ಹೇಳಿ ಮಾಡಿಸಿದಂತಿದೆ. ಹದಿನಾರು ಬಾರ್‌ಗಳ ಆ ಕೃತಿಯಲ್ಲಿ ಸಿ ಮೈನರ್ ಸರಣಿ ಮೊದಲ ಅರ್ಧದಲ್ಲೊಮ್ಮೆ ಬಂದು, ನಡುವೆ ನಾಲ್ಕು ಬಾರ್ ಡಿ ಫ್ಲಾಟ್ ಮೇಜರ್‌ಗೆ ಹೋಗಿ, ಮತ್ತೆ ಹಿಂದಿರುಗುತ್ತದೆ. ಹಿಂದಿರುಗುವ ಆ ತಿರುವನ್ನು ಬಿಡಿಸಿ ನೋಡಿದಾಗ ಸಿಕ್ಕ ಸಂಗತಿ ನನಗೆ ಬಹಳ ಹಿಡಿಸಿತು. ಡಿ ಫ್ಲಾಟ್ ಮೇಜರ್ ಸೆವೆನ್ ಮತ್ತು ಡಿ ಹಾಫ್ ಡಿಮಿನಿಶ್ಡ್ ಎರಡರಲ್ಲೂ ಎಫ್, ಎ ಫ್ಲಾಟ್, ಸಿ ಸಮಾನ. ಡಿ ಫ್ಲಾಟ್ ಒಂದೇ ಅರ್ಧ ಮೆಟ್ಟಿಲು ಏರಿ ಡಿ ಆಗುತ್ತದೆ. ಆದ್ದರಿಂದ ಹನ್ನೆರಡನೆಯ ಬಾರಿನಲ್ಲಿ ನುಡಿಸಿದ ಪದಪುಂಜವನ್ನೇ ಹದಿಮೂರರಲ್ಲಿ ಆ ಒಂದು ಸ್ವರ ಬದಲಿಸಿ ಮತ್ತೆ ನುಡಿಸುತ್ತೇನೆ, ಮತ್ತು ದೂರದ ಕೀಯಿಂದ, ಅಂದರೆ ಬೇರೆ ಆಧಾರಸ್ವರದಿಂದ, ಮರಳಿದ ಆಯಾಸ ಎಲ್ಲೂ ಕೇಳಿಸುವುದಿಲ್ಲ.

ಎರಡನೆಯದು ಗಿಟಾರ್ ವಾದಕ ಜ್ಯಾಂಗೊ ರೈನ್‌ಹಾರ್ಟ್ ಮತ್ತು ಪಿಟೀಲು ವಾದಕ ಸ್ಟೆಫಾನ್ ಗ್ರಾಪೆಲ್ಲಿ 1937ರಲ್ಲಿ ಧ್ವನಿಮುದ್ರಿಸಿದ ‘ಮೈನರ್ ಸ್ವಿಂಗ್’. ಅದರಲ್ಲಿ ಬರುವ ಎ ಮೈನರ್ ಸಿಕ್ಸ್‌ನಲ್ಲಿ ಎಫ್ ಶಾರ್ಪ್ ಇದ್ದರೆ ಡಿ ಮೈನರ್ ಸಿಕ್ಸ್‌ನಲ್ಲಿ ಎಫ್ ಇದೆ. ಧೈವತದ ಅದೇ ಚಲನೆ ಇಲ್ಲಿ ಇನ್ನಷ್ಟು ಬಿಚ್ಚಾಗಿ ಸಿಗುತ್ತದೆ. ಇ ಸೆವೆನ್ ಮೇಲೆ ಜಿ ಶಾರ್ಪ್ ಡಿಮಿನಿಶ್ಡ್ ಆರ್ಪೆಜಿಯೊ (ಕಾರ್ಡಿನ ಸ್ವರಗಳನ್ನು ಒಂದೊಂದಾಗಿ ನುಡಿಸುವುದು) ನುಡಿಸಿದರೆ ಮೂರು ಮೂರು ಫ್ರೆಟ್‌ಗೆ ಅದೇ ಆಕಾರ ಮರುಕಳಿಸುವುದರಿಂದ, ಎರಡೇ ಬೆರಳುಗಳಿಂದ ಕತ್ತಿನುದ್ದಕ್ಕೂ ಸಾಗಬಹುದು. 1928ರ ಬೆಂಕಿ ಅವಘಡದಲ್ಲಿ ಎಡಗೈಯ ಉಂಗುರ ಬೆರಳು ಮತ್ತು ಕಿರುಬೆರಳು ಘಾಸಿಗೊಂಡ ಮೇಲೆ ಜ್ಯಾಂಗೊ ಸೋಲೊಗಳನ್ನು ಮುಖ್ಯವಾಗಿ ಉಳಿದೆರಡು ಬೆರಳುಗಳಿಂದಲೇ ನುಡಿಸಿದರು. ಈ ಆರ್ಪೆಜಿಯೊವನ್ನು ನಾನೂ ತೋರುಬೆರಳು, ನಡುಬೆರಳುಗಳಿಂದಲೇ ಅಭ್ಯಾಸ ಮಾಡುತ್ತಿದ್ದೇನೆ. ಸ್ವರಗಳ ನಡುವಿನ ಜಾರುವಿಕೆ ಹಾಗೆ ಮಾಡಿದಾಗಲೇ ಸಹಜವಾಗಿ ಬರುತ್ತದೆ.

ಮುಂದಿನ ಕೆಲಸವೆಂದರೆ ಈ ಕೃತಿಯ ಮೇಲೆ ಕಾರ್ಡ್‌ಗಳ ನೆರವಿಲ್ಲದೆ, ಎರಡು ಮತ್ತು ನಾಲ್ಕನೆಯ ಬೀಟಿಗೆ ಮಾತ್ರ ಮೆಟ್ರೊನೋಮ್ ಇಟ್ಟುಕೊಂಡು, ಎಫ್ ಶಾರ್ಪ್ ಎಫ್ ಆಗಿ ಇಳಿಯುವ ಪ್ರತಿ ಜಾಗವೂ ಕೇಳಿಸುವಂತೆ ಮೂರು ಸುತ್ತು ನುಡಿಸಿ ಧ್ವನಿಮುದ್ರಿಸುವುದು.