ಬಿ.ಕಾಂ. ಓದಿದವರಿಗೆ, ಅನುಭವವಿಲ್ಲದಿದ್ದರೆ, ಸರ್ಕಾರಿ ನೌಕರಿ ಸಿಗುತ್ತದೆಯೇ?

ಬಿ.ಕಾಂ. ಅಥವಾ ಬಿಬಿಎ ಮುಗಿಸಿದ, ಕೆಲಸದ ಅನುಭವವೆಂದು ಹೇಳಿಕೊಳ್ಳಲು ಹೆಚ್ಚೇನೂ ಇಲ್ಲದ ಮಕ್ಕಳಿಗೆ ಸರ್ಕಾರಿ ನೌಕರಿ ಸಿಗುತ್ತದೆಯೇ ಎಂದು ನನ್ನನ್ನು ಕೇಳದವರು ನಮ್ಮ ಬಂಧುಬಳಗದಲ್ಲಿ ಯಾರೂ ಉಳಿದಿಲ್ಲ. ನಾನು ಬಿ.ಕಾಂ. ಓದಿದವಳು, ತಾಲ್ಲೂಕು ಮಟ್ಟದ ಒಂದು ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕಿ. ಆದ್ದರಿಂದ ನನ್ನನ್ನು ಕೇಳುವುದು ಸಹಜ. ಆದರೆ ಬಾಯಿಮಾತಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಸಿಗುತ್ತದೆ. ಹೇಗೆ ಎಂಬುದನ್ನು ಇಲ್ಲಿ ಬರೆದಿಡುತ್ತೇನೆ, ಇನ್ನು ಮುಂದೆ ಕೇಳಿದವರು ಇದನ್ನೇ ಓದಿಕೊಳ್ಳಬೇಕು.

ಅನುಭವದ ಚಿಂತೆಯನ್ನು ಮೊದಲು ಬಿಟ್ಟುಬಿಡಿ. ಕರ್ನಾಟಕ ಲೋಕಸೇವಾ ಆಯೋಗ ನಡೆಸುವ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಪರೀಕ್ಷೆಗೆ ಯಾವುದೇ ಪದವಿ ಸಾಕು. ಅನುಭವವನ್ನೂ ಕೇಳುವುದಿಲ್ಲ, ಸಂದರ್ಶನವೂ ಇಲ್ಲ. ಸಾಮಾನ್ಯ ಜ್ಞಾನಕ್ಕೆ 100 ಅಂಕ, ಸಾಮಾನ್ಯ ಕನ್ನಡ ಅಥವಾ ಸಾಮಾನ್ಯ ಇಂಗ್ಲಿಷ್‌ಗೆ 100 ಅಂಕ, ಇವೆರಡರ ಜೊತೆಗೆ 150 ಅಂಕಗಳ ಕಡ್ಡಾಯ ಕನ್ನಡ ಪತ್ರಿಕೆಯಲ್ಲಿ ಕನಿಷ್ಠ 50 ಬರಬೇಕು. ಗ್ರಾಮೀಣ ಬ್ಯಾಂಕುಗಳ ನೇಮಕಾತಿಯಲ್ಲೂ ಸ್ಕೇಲ್-1, ಅಂದರೆ ಮೊದಲ ಹಂತದ ಅಧಿಕಾರಿಯಾಗಲು ಅನುಭವ ಬೇಡ, ಸ್ಕೇಲ್-2ಕ್ಕೆ ಬಂದಾಗ ಮಾತ್ರ ಹುದ್ದೆಗೆ ತಕ್ಕಂತೆ ಒಂದೆರಡು ವರ್ಷ ಕೇಳುತ್ತಾರೆ. ಆ ಬ್ಯಾಂಕುಗಳ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದೆಂದು 2019ರಲ್ಲಿ ಕೇಂದ್ರ ಸರ್ಕಾರ ಘೋಷಿಸಿತು. ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗ ಪದವೀಧರರಿಗೆ ನಡೆಸುವ ಸಿಜಿಎಲ್ ಪರೀಕ್ಷೆಯ ಮೂಲಕ ಲೆಕ್ಕಪರಿಶೋಧನಾ ಇಲಾಖೆಯ ಸಹಾಯಕ ಅಧಿಕಾರಿ ಹುದ್ದೆಗೆ ಹೋಗಲು ಸಹ ಪದವಿ ಇದ್ದರಾಯಿತು, ಸಿಎ, ಎಂ.ಕಾಂ., ಎಂಬಿಎ ಅಲ್ಲಿ ಅಪೇಕ್ಷಣೀಯವೇ ಹೊರತು ಕಡ್ಡಾಯವಲ್ಲ. ಆದರೆ ಸಿಜಿಎಲ್ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ಹಿಂದಿ ಮಾತೃಭಾಷೆಯವರಿಗೆ ದೊರೆಯುವ ಅನುಕೂಲ ನಮ್ಮ ಹಳ್ಳಿಯ ಮಕ್ಕಳಿಗೆ ದೊರೆಯದಿರುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಇದನ್ನೆಲ್ಲ ಅಧಿಸೂಚನೆಯಲ್ಲೇ ಓದಬಹುದು. ಜನ ಅದನ್ನು ಓದದೆ ನನ್ನನ್ನು ಕೇಳುತ್ತಾರೆ, ಓದಿದವರು ಅರ್ಹತೆಯ ಪ್ಯಾರಾ ಮುಗಿಯುತ್ತಿದ್ದಂತೆ ನಿಲ್ಲಿಸುತ್ತಾರೆ. ನಿಜವಾಗಿ ಎಚ್ಚರ ಬೇಕಾದದ್ದು ಅದರ ಮುಂದಿನ ಪುಟಗಳಲ್ಲಿ. ಒಂದರಿಂದ ಹತ್ತನೇ ತರಗತಿಯವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ ಇದೆ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಪ್ರತ್ಯೇಕ ಮೀಸಲಾತಿ ಇದೆ, ಬೀದರಿನಿಂದ ವಿಜಯನಗರದವರೆಗಿನ ಏಳು ಜಿಲ್ಲೆಗಳ ಸ್ಥಳೀಯರಿಗೆ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಇದೆ. ಗ್ರಾಮೀಣ ಪ್ರಮಾಣಪತ್ರಕ್ಕೆ ಶಾಲೆಯ ಮುಖ್ಯೋಪಾಧ್ಯಾಯರ ಸಹಿಯಾದ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಆಗಬೇಕು, ಮತ್ತು ಅರ್ಜಿಯ ಕೊನೆಯ ದಿನಾಂಕದೊಳಗೆ ಅದು ನಿಮ್ಮ ಕೈಯಲ್ಲಿರಬೇಕು. ಐದನೇ ತರಗತಿಯವರೆಗೆ ಒಂದು ಊರಿನಲ್ಲಿ, ಹೈಸ್ಕೂಲು ಇನ್ನೊಂದು ತಾಲ್ಲೂಕಿನಲ್ಲಿ ಓದಿದ್ದರೆ ಎರಡೂ ಕಡೆ ಅಲೆಯಬೇಕು. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದವರು ದಾಖಲೆ ಪರಿಶೀಲನೆಯ ದಿನ, ಪ್ರಮಾಣಪತ್ರದ ಮೇಲೆ ತಡವಾದ ದಿನಾಂಕವಿದ್ದ ಒಂದೇ ಕಾರಣಕ್ಕೆ ಮೀಸಲಾತಿ ಕಳೆದುಕೊಂಡು ಕಣ್ಣೀರು ಹಾಕಿದ್ದನ್ನು ನಾನು ಕಂಡಿದ್ದೇನೆ. ಪುಸ್ತಕ ತೆರೆಯುವ ಮೊದಲು ಆ ಸಹಿಗಳನ್ನು ಮಾಡಿಸಿಕೊಳ್ಳಿ.

ಇಷ್ಟು ಹೇಳಿದರೂ ಬಹಳ ಜನರಿಗೆ ಸಮಾಧಾನವಾಗುವುದಿಲ್ಲ, ಏಕೆಂದರೆ ಅವರು ಕೇಳಬೇಕೆಂದಿರುವುದು ಬೇರೆಯೇ ಆಗಿರುತ್ತದೆ. ಹೋದ ವರ್ಷ ಹಾವೇರಿ ಕಡೆಯ ಒಂದು ಮದುವೆಯಲ್ಲಿ ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತಿದ್ದ ದೂರದ ಸಂಬಂಧದ ದೊಡ್ಡಪ್ಪ, ಎಲೆಗೆ ಹೋಳಿಗೆ ಬೀಳುತ್ತಿರುವಾಗಲೇ, ಇಡೀ ಸಾಲಿಗೆ ಕೇಳಿಸುವಂತೆ "ಎಷ್ಟ ಖರ್ಚ ಆತವ್ವಾ ನಿನ್ನ ನೌಕರಿಗೆ? ಅನುಭವ ಇಲ್ಲದ ಬಿ.ಕಾಂ. ಹುಡುಗಿಗೆ ಹಂಗ ಸುಮ್ಮನ ಕೊಡತಾರೇನು?" ಎಂದರು. ಒಂದು ರೂಪಾಯಿಯನ್ನೂ ಕೊಟ್ಟಿಲ್ಲವೆಂದೆ. "ಹೇಳಬ್ಯಾಡ ಬಿಡು, ನಮ್ಮ ಹುಡುಗಗೂ ಆ ಮನಿಷ್ಯಾನ ಫೋನ್ ನಂಬರ್ ಕೊಡು" ಎಂದರು. ಮನೆಯ ಹಿಂದಿನ ಕೋಣೆಯಲ್ಲಿ ರಾತ್ರಿಯೆಲ್ಲ ಕುಳಿತು ಸಂವಿಧಾನದ ವಿಧಿಗಳನ್ನೂ ಕನ್ನಡ ಸಂಧಿ ಸಮಾಸಗಳನ್ನೂ ಬಾಯಿಪಾಠ ಮಾಡಿದ್ದನ್ನು, ನನ್ನ ಓದಿಗಾಗಿ ತಂಗಿ ಮನೆಗೆಲಸವನ್ನೆಲ್ಲ ತನ್ನ ಮೇಲೆ ಹಾಕಿಕೊಂಡಿದ್ದನ್ನು ಅಲ್ಲಿ ಯಾರಿಗೆ ವಿವರಿಸುವುದು? ಊಟ ಅರ್ಧಕ್ಕೆ ಬಿಟ್ಟು ಎದ್ದೆ, ಹಾಗೆ ಎದ್ದದ್ದಕ್ಕೆ ಇವತ್ತಿಗೂ ನನಗೆ ಬೇಸರವಿಲ್ಲ.

ಆ ಅನುಮಾನ ಕಾರಣವಿಲ್ಲದೆ ಹುಟ್ಟಿದ್ದಲ್ಲ ಎಂಬುದನ್ನು ಬಲ್ಲೆ. 2021ರ ಜನವರಿಯಲ್ಲಿ ಎಫ್‌ಡಿಎ ಪ್ರಶ್ನೆಪತ್ರಿಕೆ ಸೋರಿಕೆಯಾಗಿ ಪರೀಕ್ಷೆ ಮುಂದಕ್ಕೆ ಹೋಯಿತು. 545 ಪಿಎಸ್ಐ ಹುದ್ದೆಗಳ ನೇಮಕಾತಿ ಪರೀಕ್ಷೆಯನ್ನು ಅಕ್ರಮದ ಕಾರಣಕ್ಕೆ ಸರ್ಕಾರ 2022ರಲ್ಲಿ ರದ್ದು ಮಾಡಬೇಕಾಯಿತು. ಆದರೆ ಇಂಥ ಪ್ರತಿಯೊಂದು ಅಕ್ರಮದಲ್ಲೂ ಮೋಸ ಹೋದವರು ಓದಿ ಬರೆದವರೇ. ಅವರನ್ನೇ ಹಿಡಿದು "ಎಷ್ಟು ಕೊಟ್ಟೆ" ಎಂದು ಕೇಳುವುದು ಗಾಯದ ಮೇಲೆ ಉಪ್ಪು ಸವರಿದಂತೆ. ಮಧ್ಯವರ್ತಿಯ ನಂಬರ್ ಕೇಳುವ ದೊಡ್ಡಪ್ಪಂದಿರು ಇರುವವರೆಗೆ ಮಧ್ಯವರ್ತಿಗಳೂ ಇರುತ್ತಾರೆ.

ನೌಕರಿ ಸಿಕ್ಕ ಮೇಲೆ ಅಲ್ಲಿ ಏನು ಕೆಲಸ ಮಾಡುತ್ತೀಯ ಎಂದು ಮಾತ್ರ ಇದುವರೆಗೆ ಯಾರೂ ಕೇಳಿಲ್ಲ. ಕೇಳಿದ್ದರೆ ಸಂತೋಷದಿಂದ ಹೇಳುತ್ತಿದ್ದೆ, ಏಕೆಂದರೆ ಪರೀಕ್ಷೆಯಲ್ಲಿ ಅಷ್ಟಾಗಿ ನೆರವಾಗದ ನನ್ನ ಬಿ.ಕಾಂ. ನಿತ್ಯವೂ ಬೇಕಾಗುವುದು ಆ ಮೇಜಿನ ಮುಂದೆ. ಈಚೆಗೆ ನಮ್ಮ ಕಚೇರಿಯ ಗ್ರೂಪ್ ಡಿ ನೌಕರರೊಬ್ಬರ ನಿವೃತ್ತಿ ಸಮೀಪಿಸಿತ್ತು. 2006ರ ಏಪ್ರಿಲ್‌ಗೆ ಮೊದಲು ಸೇವೆಗೆ ಸೇರಿದವರಾದ್ದರಿಂದ ಅವರಿಗೆ ಹಳೆಯ ಪಿಂಚಣಿ. ಅಂಚು ಹರಿದ ಅವರ ಸೇವಾ ಪುಸ್ತಕವನ್ನು ಪುಟಪುಟವಾಗಿ ನೋಡಿದಾಗ ಒಂದು ವರ್ಷದ ವಾರ್ಷಿಕ ವೇತನ ಬಡ್ತಿಯ ನಮೂದಿಗೆ ಅಧಿಕಾರಿಯ ಸಹಿಯೇ ಇರಲಿಲ್ಲ. ಹಾಗೆಯೇ ಕಳುಹಿಸಿದ್ದರೆ ಬೆಂಗಳೂರಿನ ಮಹಾಲೇಖಪಾಲರ ಕಚೇರಿಯಿಂದ ಆಕ್ಷೇಪಣೆಯೊಡನೆ ಹಿಂದಿರುಗುತ್ತಿತ್ತು, ಅಷ್ಟೂ ದಿನ ಆ ಮನುಷ್ಯ ಪೂರ್ಣ ಪಿಂಚಣಿಗಾಗಿ ಕಾಯಬೇಕಿತ್ತು. ಹಳೆಯ ವೇತನ ಬಿಲ್ಲುಗಳ ಕಟ್ಟನ್ನು ಹುಡುಕಿ ತೆಗೆದು, ಆ ವರ್ಷ ಯಾವ ತಿಂಗಳಿನಿಂದ ಮೂಲವೇತನ ಹೆಚ್ಚಿತೆಂದು ಸಾಲುಸಾಲಾಗಿ ತಾಳೆ ನೋಡಿ, ಈಗಿನ ಅಧಿಕಾರಿಗಳಿಂದ ದೃಢೀಕರಿಸಿ ಕಳುಹಿಸಿದೆವು. ಕಾಲೇಜಿನಲ್ಲಿ ಲೆಡ್ಜರ್ ತಾಳೆಯಾಗದಿದ್ದಾಗ ಮೇಷ್ಟ್ರು ಕಲಿಸಿದ ತಾಳ್ಮೆಯೇ ಅಲ್ಲಿ ಕೆಲಸಕ್ಕೆ ಬಂತು.

ವಾಣಿಜ್ಯ ಓದಿದವರಿಗೆ ಮುಂದೆಯೂ ಅನುಕೂಲವಿದೆ. ಸೇವೆಗೆ ಸೇರಿದ ಮೇಲೆ ಅಕೌಂಟ್ಸ್ ಹೈಯರ್, ಜನರಲ್ ಲಾ ಮುಂತಾದ ಇಲಾಖಾ ಪರೀಕ್ಷೆಗಳು ಬರುತ್ತವೆ, ಸರ್ಕಾರದ ಆನ್‌ಲೈನ್ ಖಜಾನೆ ವ್ಯವಸ್ಥೆಯಾದ ಖಜಾನೆ-2ರಲ್ಲಿ ಬಿಲ್ಲು ಮಾಡಲು ಲೆಕ್ಕ ಶೀರ್ಷಿಕೆಗಳ ತಿಳಿವಳಿಕೆ ಬೇಕಾಗುತ್ತದೆ. ನಗರಸಭೆ, ಪುರಸಭೆಗಳಲ್ಲಂತೂ 2006ರ ಲೆಕ್ಕಪತ್ರ ನಿಯಮಗಳ ಪ್ರಕಾರ ದ್ವಿನಮೂದು (ಡಬಲ್ ಎಂಟ್ರಿ) ಪದ್ಧತಿಯಲ್ಲೇ, ಅಂದರೆ ಪ್ರತಿ ವ್ಯವಹಾರವನ್ನೂ ಖರ್ಚು, ಜಮಾ ಎರಡೂ ಕಡೆ ಬರೆದು ಲೆಕ್ಕ ಇಡಬೇಕು. ಸರ್ಕಾರಿ ಹಣಕಾಸಿನ ನಿಯಮಗಳಿರುವ ಕರ್ನಾಟಕ ಆರ್ಥಿಕ ಸಂಹಿತೆಯ ನನ್ನ ಪ್ರತಿ, ಅಂಚಿನ ಟಿಪ್ಪಣಿಗಳ ಸಮೇತ, ಮನೆಯಲ್ಲಿದೆ. ಅದನ್ನು ಓದಬೇಕೆನ್ನುವ ಬಿ.ಕಾಂ. ಮಕ್ಕಳು ಯಾವ ಭಾನುವಾರ ಬಂದರೂ ಕೊಡುತ್ತೇನೆ.